ಸಿಂಕಿನ ಬಿಸಿನೀರು

ನಮ್ಮ ಮನೆಯಲ್ಲಿ ಚಿಲಕ ಇರುವುದು ಎರಡೇ ಬಾಗಿಲಿಗೆ. ಒಂದು ಹೊರಬಾಗಿಲು. ಬೆಳಿಗ್ಗೆ ಹಾಲಿನವನು ಬಂದಾಗ ತೆರೆದರೆ ಅದು ರಾತ್ರಿ ಊಟ ಆಗುವವರೆಗೆ ತೆರೆದೇ ಇರುತ್ತದೆ. ದಹಿಸರ್‌ನ ಈ ಬಿಲ್ಡಿಂಗಿನಲ್ಲಿ ಹಗಲು ಬಾಗಿಲು ಹಾಕಿಕೊಂಡರೆ ಒಳಗೆ ಏನೋ ಜಗಳ ನಡೆದಿದೆ ಎಂದು ಅರ್ಥ. ಇನ್ನೊಂದು ಬಚ್ಚಲಿನ ಬಾಗಿಲು. ಹಾಲ್‌ಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಬರೀ ಪರದೆ, ಅದೂ ಹಗಲಿಡೀ ಸರಿಸಿಯೇ ಇರುತ್ತದೆ.

ಇಷ್ಟರಲ್ಲಿ ನಾವು ನಾಲ್ಕು ಜನ. ನಾನು ರಾಜೀವಿ, ನನ್ನ ಗಂಡ ಕಾಂತಪ್ಪ, ಮಗ ಸಂದೀಪ, ಎರಡು ವರ್ಷದ ಹಿಂದೆ ಭಾಂಡುಪ್‌ನಿಂದ ಮದುವೆಯಾಗಿ ಬಂದ ಸೊಸೆ ನಿಶಾ. ಮಗ ಬೆಳಿಗ್ಗೆ ಏಳರ ಲೋಕಲ್ ರೈಲು ಹಿಡಿದರೆ ಕತ್ತಲಾದ ಮೇಲೆಯೇ ಮನೆ. ಇವರು ಕಾಂದಿವಲಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತೊಂದು ವರ್ಷ ಕುಳಿತವರು. ಯಾರು ಬಂದರು, ಯಾರು ಎಷ್ಟು ಹೊತ್ತು ಕೂತರು, ಯಾರು ಕೈತೊಳೆಯುವ ನೆಪದಲ್ಲಿ ಜಾರಿದರು, ಎಲ್ಲ ಇವರ ಕಣ್ಣಿಗೆ ಬೀಳಲೇಬೇಕು. ಕೆಲಸ ಬಿಟ್ಟ ಮೇಲೆ ಹಾಲ್‌ನ ಕುರ್ಚಿಯೇ ಗಲ್ಲಾ. ಅಲ್ಲಿ ಕುಳಿತರೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಬಚ್ಚಲು. ಮನುಷ್ಯ ಕೆಟ್ಟವರಲ್ಲ. ಕಣ್ಣು ಮಾತ್ರ ಇನ್ನೂ ರಿಟೈರ್ ಆಗಿಲ್ಲ.

ನಿಶಾ ಬಚ್ಚಲಿಗೆ ಹೋದರೆ ನಲವತ್ತು ನಿಮಿಷ. ನನಗೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. “ಒಳಗೆ ಎಂತ, ಆನೆಗೆ ಸ್ನಾನ ಮಾಡಿಸ್ತಾಳಾ ಇವಳು?” ಎಂದು ಇವರ ಎದುರೇ ಅಂದಿದ್ದೆ. ಒಂದು ದಿನ ಅವಳು ಹೊರಬಂದ ಕೂಡಲೇ ನಾನು ಒಳಗೆ ಹೋದೆ. ನೆಲ ಒಣಗಿಯೇ ಇತ್ತು. ಬಕೆಟ್ ಬೋರಲು ಹಾಕಿತ್ತು, ಅದರ ಮೇಲೆ ಮಡಚಿದ ಟವೆಲ್. ಹುಡುಗಿ ಸ್ನಾನ ಮಾಡಿರಲಿಲ್ಲ, ಸುಮ್ಮನೆ ಕುಳಿತಿದ್ದಳು. ಫೋನಿನಲ್ಲಿ ಮಾತಾಡಿದಳು ಅನ್ನೋಣವೆಂದರೆ ಅವಳ ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ನಾನು ಬಕೆಟನ್ನು ನೆಟ್ಟಗೆ ಮಾಡಿ ಬಂದೆ. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಹಳೆಯ ಕರೆಂಟಿನ ಗೀಸರ್ ಸೋರಿ ಕೆಟ್ಟಿತು. ಸಂದೀಪ ಗ್ಯಾಸ್ ಗೀಸರ್ ತರಿಸಿದ. ಅದನ್ನು ಕೂರಿಸಲು ಬುಧವಾರ ಬೆಳಿಗ್ಗೆ ಮುಕ್ತಾರ ಬಂದ. ವಿಜಯಪುರದ ಕಡೆಯವನು, ನಮ್ಮ ಬಿಲ್ಡಿಂಗಿನ ನಲ್ಲಿ ಕೆಲಸವೆಲ್ಲ ಅವನದೇ. ಚೀಲ ಕೆಳಗಿಡುವ ಮೊದಲೇ ಬಚ್ಚಲಿಗೆ ತಲೆ ಹಾಕಿ ನೋಡಿ ಹೊರಗೆ ಬಂದ.

“ಇಲ್ಲಿ ಆಗಂಗಿಲ್ರಿ ಅಣ್ಣಾರ.”

“ಯಾಕೆ ಆಗುದಿಲ್ಲ? ಮೂರನೇ ಮಾಳಿಗೆಯವರದ್ದು ಬಚ್ಚಲಲ್ಲೇ ಉಂಟಲ್ಲ,” ಎಂದರು ಇವರು.

“ಅದನ್ನ ನಾ ಹಾಕಿಲ್ರಿ. ಇದು ಉರಿಯೂ ಮುಂದ ಗಾಳಿ ತಿಂತೈತಿ. ನಿಮ್ಮ ಬಚ್ಚಲದ ಕಿಟಕಿ ಬಂದ್ ಐತಿ. ಇಷ್ಟ ಜಾಗಾದಾಗ ಬಾಗಲಾ ಹಾಕ್ಕೊಂಡ್ರ ವಿಷದ ಗಾಳಿ ತುಂಬತೈತಿ. ಹೊಗಿ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ನಿದ್ದಿ ಬಂದಂಗ ಆಗತೈತಿ, ಅಷ್ಟ. ಕಾಂದಿವಲಿದಾಗ ಒಂದು ಮನ್ಯಾಗ ಚಿಲಕಾ ಮುರದು ಒಬ್ಬರನ್ನ ಹೊರಗ ತಗದೀವ್ರಿ. ನಾನೂ ಇದ್ದೆ.”

ನಾನು ಇವರ ಮುಖ ನೋಡಿದೆ.

ಬಚ್ಚಲಿನ ಕಿಟಕಿಗೆ ಇವರೇ ಪ್ಲೈವುಡ್ ಹೊಡೆದದ್ದು. ಎದುರಿನ ಬಿಲ್ಡಿಂಗಿನ ಮೆಟ್ಟಿಲು ಕೈಚಾಚಿದರೆ ಸಿಗುತ್ತದೆ. ಪ್ಲೈವುಡ್ ತೆಗೆದರೆ ಹತ್ತಿಳಿಯುವವರಿಗೆಲ್ಲ ನಮ್ಮ ದರ್ಶನ. ಮುಕ್ತಾರನಿಗೂ ಅದು ಅರ್ಥವಾಯಿತು. ಅಡುಗೆಮನೆಗೆ ಬಂದು ಕಿಟಕಿ ನೋಡಿದ.

“ಇಲ್ಲಿ ಹಾಕೂಣ್ರಿ. ಒಂದು ಗಾಜು ತಗದು ತಗಡ ಕೂಡಸ್ತೀನಿ, ಅದರಾಗಿಂದ ಹೊಗಿ ಪೈಪು ಹೊರಗ. ಇನ್ನೊಂದು ಗಾಜು ಮಾತ್ರ ಯಾವತ್ತೂ ಮುಚ್ಚಬ್ಯಾಡ್ರಿ.”

“ಯಾವ ಗಾಜು ತೆಗೆಯುದು?” ಎಂದು ನಾನು ಕೇಳಿದೆ.

ಒಲೆಯಿಂದ ದೂರ ಇರಬೇಕಂತೆ. ಸಿಂಕಿನ ಎದುರಿನದನ್ನು ತೋರಿಸಿದ.

ಆ ಗಾಜಿನಲ್ಲಿ ಎರಡು ಬಿಲ್ಡಿಂಗುಗಳ ನಡುವಿನ ಸಂದು ಕಾಣುತ್ತದೆ, ಸಂದಿನ ಆಚೆ ರೈಲು ಹಳಿ. ವಿರಾರ್ ಕಡೆಗೆ ಹೋಗುವ ಲೋಕಲ್ ಒಂದು ಬೋಗಿಯಷ್ಟು ಕಂಡು ಮಾಯವಾಗುತ್ತದೆ. ಬಾಗಿಲಲ್ಲಿ ನಿಂತ ಹೆಂಗಸರ ದುಪಟ್ಟಾ ಹಾರುತ್ತಿರುತ್ತದೆ. ಇಪ್ಪತ್ತಾರು ವರ್ಷ ನಾನು ಪಾತ್ರೆ ತಿಕ್ಕಿದ್ದು ಅದನ್ನು ನೋಡಿಕೊಂಡು. ಇನ್ನೊಂದು ಗಾಜಿನಲ್ಲಿ ಏನುಂಟು ಎಂದರೆ ಎದುರಿನವರ ಗೋಡೆ, ಗೋಡೆಯ ಮೇಲೆ ಸಂಡಾಸಿನ ಪೈಪು.

“ನನ್ನ ಕಿಟಕಿ ಮುಟ್ಟುದು ಬೇಡ,” ಎಂದೆ. “ಬೇಕಾದರೆ ಗೀಸರ್ ವಾಪಸ್ ಕಳಿಸಿ.”

ಇವರು ಬಚ್ಚಲಿನ ಬಾಗಿಲ ಕಡೆ ಕೈ ತೋರಿಸಿದರು. “ತೊಂದರೆ ಚಿಲಕದ್ದಲ್ವಾ? ಚಿಲಕವನ್ನೇ ತೆಗೆದುಬಿಡುವ. ಬಾಗಿಲಿಗೆ ನಾಲ್ಕು ತೂತು ಹೊಡೆಯುವ. ಒಳಗೆ ಯಾರಿಗೆ ಏನಾದರೂ ಹೊರಗೆ ಗೊತ್ತಾಗ್ತದೆ.”

“ನೆಗಡಿ ಬಂತಂತ ಮೂಗ ಕೊಯ್ಕೊಂಡಂಗ ಆತ್ರಿ ಅದು,” ಎಂದ ಮುಕ್ತಾರ. “ಚಿಲಕಾ ತಗದ್ರ ಕಿಟಕಿ ತಗದಂಗ ಆಗಂಗಿಲ್ಲ. ನಾ ಅಂತೂ ಒಳಗ ಹಾಕಂಗಿಲ್ಲ.”

“ನೀನು ಹಾಕದಿದ್ದರೆ ಕೆಳಗಿನ ಅಂಗಡಿಯವನು ಹಾಕ್ತಾನೆ.”

ಹಾಗೆಂದವರೇ ಸ್ಕ್ರೂಡ್ರೈವರ್ ಹಿಡಿದು ಎದ್ದುಬಿಟ್ಟರು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಇವರದ್ದು. ಒಂದು ಸ್ಕ್ರೂ ಕೆಳಗೆ ಬಿತ್ತು. ಎರಡನೆಯದೂ ಬಿತ್ತು. ನಿಶಾ ಪರದೆಯ ಹತ್ತಿರ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಹಿಂದಿಯಲ್ಲೇ ಓದಿ ಬೆಳೆದ ಅವಳ ಕನ್ನಡ ಹರಕು ನಿಜ, ಆದರೆ ಬಾಯಿ ಬಿಡದೆ ಇದ್ದದ್ದು ಅದಕ್ಕಲ್ಲ. ಮಾವನ ಹತ್ತಿರ ಏನೆಂದು ಹೇಳುವುದು? ಬಚ್ಚಲಿಗೆ ನನಗೆ ಚಿಲಕ ಬೇಕು ಎಂದೇ? ಚಿಲಕ ಒಂದು ಕಡೆ ಸಡಿಲಾಗಿ ಜೋತುಬಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ.

ಆ ಮುಖ ನನಗೆ ಗೊತ್ತು. ನಾನು ಈ ಮನೆಗೆ ಬಂದಾಗ ಇಲ್ಲಿ ಏಳು ಜನ ಇದ್ದರು. ಬಕೆಟ್ ಬೋರಲು ಹಾಕಿ ಕುಳಿತವಳು ನಾನೂ. ಅಳುವುದಕ್ಕಲ್ಲ. ಯಾರ ಕಣ್ಣೂ ಮೈಮೇಲೆ ಇಲ್ಲದೆ ಹತ್ತು ನಿಮಿಷ ಉಸಿರಾಡುವುದಕ್ಕೆ. ನನ್ನ ಅತ್ತೆ ಬಾಗಿಲು ತಟ್ಟಿ “ಸತ್ತೆಯಾ?” ಎಂದು ಕೇಳುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂದಾಗ ನಾನು ಬಾಗಿಲು ತಟ್ಟಲಿಲ್ಲ, ಆನೆಯ ಮಾತು ಆಡಿದೆ. ಅವರಿಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ. ನನಗೆ ನಾಚಿಕೆಯಾಯಿತು.

“ಅದನ್ನು ಬಿಡಿ,” ಎಂದೆ ಇವರಿಗೆ. “ಮುಕ್ತಾರ, ಕಿಟಕಿಗೇ ಹಾಕು.”

“ಈಗಷ್ಟೇ ಬೇಡ ಅಂದದ್ದಲ್ವಾ ನೀನು?”

“ಈಗ ಬೇಕು ಅಂತ ಹೇಳ್ತಾ ಇದ್ದೇನೆ. ಆ ಸ್ಕ್ರೂ ಎರಡೂ ವಾಪಸ್ ಹಾಕಿ.”

ಮಧ್ಯಾಹ್ನದವರೆಗೆ ಕೆಲಸ ನಡೆಯಿತು. ಗಾಜು ಹೋಗಿ ತಗಡು ಬಂತು, ತಗಡಿನ ತೂತಿನಿಂದ ದಪ್ಪ ಪೈಪು ಹೊರಗೆ ಹೋಯಿತು. ಸಿಲಿಂಡರಿನ ರಬ್ಬರ್ ಪೈಪಿನ ಒಂದೊಂದು ಜೋಡಣೆಗೂ ಮುಕ್ತಾರ ಸಾಬೂನಿನ ನೊರೆ ಹಚ್ಚಿ, ಕಣ್ಣು ಹತ್ತಿರ ಒಯ್ದು ನೋಡಿದ. “ಗುಳ್ಳಿ ಎದ್ರ ಸೋರತೈತಿ ಅಂತ ತಿಳೀರಿ. ಕಡ್ಡಿ ಗೀರಿ ಮಾತ್ರ ಯಾವತ್ತೂ ನೋಡಬ್ಯಾಡ್ರಿ.” ಗುಳ್ಳೆ ಏಳಲಿಲ್ಲ. ಹೋಗುವ ಮೊದಲು ಹೇಳಿದ, “ಸಿಂಕಿಗೂ ಒಂದು ಬಿಸಿನೀರಿನ ನಳ ಕೊಟ್ಟೀನ್ರಿ ಅಕ್ಕಾರ.”

“ನನಗೆಂತಕ್ಕೆ ಅದು? ನಾನೇನು ಮಹಾರಾಣಿಯಾ?”

“ಇರಲಿ ಬಿಡ್ರಿ. ನಿಮ್ಮ ಕಿಟಕಿ ಕಸ್ಕೊಂಡೀನಲ್ಲ.”

“ಬಚ್ಚಲದ ನಳ ಬಿಟ್ರೂ ಹತ್ತತೈತಿ, ಇದನ್ನ ಬಿಟ್ರೂ ಹತ್ತತೈತಿ,” ಎಂದು ನಲ್ಲಿ ತಿರುಗಿಸಿ ತೋರಿಸಿದ. ಟಕ್ ಟಕ್ ಟಕ್ ಎಂದಿತು, ಭುಸ್ಸೆಂದು ಹತ್ತಿತು, ಗೀಸರಿನ ಮುಖದಲ್ಲಿ ಕೆಂಪು ಅಂಕಿ ಮೂಡಿತು. “ಕುರ್ಚಿಯಿಂದಲೇ ಕಾಣ್ತದೆ,” ಎಂದು ಇವರು ಖುಷಿಪಟ್ಟರು.

ಮರುದಿನ ಸಿಂಕಿನ ಎದುರು ನಿಂತಾಗ ಲೋಕಲ್ ಹೋದ ಸದ್ದು ಕೇಳಿತು. ತಲೆ ಎತ್ತಿದರೆ ತಗಡು. ಯಾರ ಮೇಲೆ ಸಿಟ್ಟು ಮಾಡುವುದು ಎಂದು ಗೊತ್ತಾಗದೆ ಸೌಟನ್ನು ಕುಕ್ಕಿದೆ.

ನಾಲ್ಕನೆಯ ದಿನ ಕುರ್ಚಿಯಿಂದ ಧ್ವನಿ ಬಂತು. “ರಾಜೀವಿ, ಅವಳು ಒಳಗೆ ಹೋಗಿ ಕಾಲು ಗಂಟೆ ಆಯ್ತು. ಗೀಸರ್ ಹತ್ತಲೇ ಇಲ್ಲ. ಎಂತ ಮಾಡ್ತಾ ಇದ್ದಾಳೆ?”

ಇದು ನನಗೆ ಹೊಳೆದೇ ಇರಲಿಲ್ಲ. ಚಿಲಕ ಉಳಿಸಿಕೊಟ್ಟೆ ಎಂದು ಒಳಗೊಳಗೇ ಬೀಗುತ್ತಿದ್ದೆ. ನೋಡಿದರೆ ಗೋಡೆಯ ಮೇಲೆ ಚಾಡಿ ಹೇಳುವವನನ್ನು ನಾನೇ ಕೂರಿಸಿದ್ದೆ. ಇವರು ಕುರ್ಚಿಯ ಕೈ ಹಿಡಿದು ಏಳುವ ಸದ್ದಾಯಿತು. ಎದ್ದರೆ ಬಾಗಿಲು ತಟ್ಟುತ್ತಾರೆ. ಆ ಕುರ್ಚಿಗೆ ಗೀಸರ್ ಕಾಣುತ್ತದೆ, ಸಿಂಕ್ ಕಾಣುವುದಿಲ್ಲ. ನಾನು ಬಿಸಿನೀರಿನ ನಲ್ಲಿ ತಿರುಗಿಸಿದೆ. ಟಕ್ ಟಕ್ ಟಕ್, ಭುಸ್.

“ಹತ್ತಿತಲ್ಲ, ನೋಡಿ,” ಎಂದೆ. “ಸಾಬೂನು ಹಚ್ಚುವಾಗ ನೀರು ನಿಲ್ಲಿಸುದಿಲ್ವಾ ಮನುಷ್ಯರು?”

ಇವರು ಮತ್ತೆ ಕುಳಿತು ಟಿವಿ ನೋಡತೊಡಗಿದರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಏಪ್ರಿಲ್ ತಿಂಗಳ ಸೆಕೆ, ಮೇಲಿಂದ ಬಿಸಿನೀರು, ಅಂಗೈ ಕೆಂಪಾಯಿತು. ಚಿಲಕ ಸರಿದ ಸದ್ದು ಕೇಳಿದ ಮೇಲೆ ನಲ್ಲಿ ನಿಲ್ಲಿಸಿದೆ. ನಿಶಾ ಹೊರಗೆ ಬಂದು ಹಬೆಯಾಡುವ ಸಿಂಕನ್ನು ನೋಡಿದಳು, ನನ್ನ ಕೈ ನೋಡಿದಳು. ಟವೆಲ್ ಒಣಗಲು ಹಾಕಿ ತರಕಾರಿ ಹೆಚ್ಚಲು ಕುಳಿತಳು.

ಮೊನ್ನೆ ಮಧ್ಯಾಹ್ನ ದೊಡ್ಡ ಕಾರಣ ಏನೂ ಇರಲಿಲ್ಲ. ತಗಡು ನೋಡಿ ನೋಡಿ ನನಗೆ ಉಸಿರು ಕಟ್ಟಿದ ಹಾಗಾಯಿತು. ಕೈಯಲ್ಲಿದ್ದ ಪಾತ್ರೆ ಬಿಟ್ಟು ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. ಬಕೆಟ್ ಬೋರಲು ಹಾಕಿ ಕುಳಿತೆ. ಎಷ್ಟು ವರ್ಷವಾಗಿತ್ತೋ, ಮೊಣಕಾಲು ಲಟಕ್ಕೆಂದಿತು.

ಹೊರಗೆ ಇವರ ಧ್ವನಿ. “ಅತ್ತೆ ಎಲ್ಲಿ?”

“ಸ್ನಾನ, ಮಾವ.”

“ಬೆಳಿಗ್ಗೆ ಮಾಡಿದ್ದಳಲ್ಲ? ಗೀಸರ್ ಹತ್ತಿಲ್ಲ ನೋಡು.”

ನಾನು ಗಡಬಡಿಸಿ ಎದ್ದು ಚಿಲಕಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಟಕ್ ಟಕ್ ಟಕ್, ಭುಸ್.

“ಹತ್ತಿದೆ ಮಾವ,” ಎಂದಳು ನಿಶಾ. “ಸಾಬೂನು ಹಚ್ಚುದು ಇತ್ತು. ಟೈಮ್ ಲಗ್ತಾ ಹೈ.”

ನಾನು ಚಿಲಕದಿಂದ ಕೈ ತೆಗೆದು ಮತ್ತೆ ಕುಳಿತುಕೊಂಡೆ.