ನಾಲ್ಕು ದಿನದ ಬಿಳಿ ಮಾತ್ರೆ

"ಅತ್ತೆ, ಬೈಬ್ಯಾಡ್ರಿ. ನಾಕು ದಿನದಿಂದ ನೀವು ನುಂಗ್ತಿರೋದು ನೋವಿನ ಮಾತ್ರೆ ಅಲ್ಲ. ನನ್ ಕ್ಯಾಲ್ಸಿಯಂ ಮಾತ್ರೆ."

ಹೊಸ್ತಿಲ ಬಳಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಈರಕ್ಕನ ಬೆರಳು ಅಲ್ಲೇ ನಿಂತಿತು. ಸೊಸೆ ಯಶೋಧಾ ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಒರಗಿದ್ದಳು.

"ಏನಂದೆ?"

"ಆಶಾ ಅಕ್ಕ ಬಸುರೇರಿಗೆ ಕೊಡ್ತಾರಲ್ಲ, ಅವು. ನಿಮ್ ಎಲೆಚೀಲದಾಗಿದ್ದವು ತೆಗ್ದು ಇವು ಹಾಕ್ದೆ. ಎಲ್ಡೂ ಬೆಳ್ಳಗೇ ಅವೆ."

"ಹೊಟ್ಟೆಕೂಸಿನ ಮಾತ್ರೆ ನಂಗೆ ತಿನ್ಸಿದ್ಯೇನೇ?"

"ಜಾಸ್ತಿ ಕೊಟ್ಟಿದ್ರು ಬಿಡ್ರಿ."

ಈರಕ್ಕ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಅಡಿಕೆಚೂರಿನ ಜತೆಗೇ ಇಟ್ಟುಕೊಳ್ಳುವವಳು. ಈರುಳ್ಳಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಸೊಪ್ಪು ಕೊಯ್ಯುವಾಗ ಕೈಗೆ ಸಿಗಬೇಕು. ಗಂಡ ತೀರಿಕೊಂಡ ವರ್ಷ ಕೂಲಿ ಮೇಸ್ತ್ರಿ ಹಾಲಸ್ವಾಮಿ ಬೆಳಗಿನ ಟೀ ಜತೆ ಮೊದಲನೇದು ಕೊಟ್ಟಿದ್ದ. ಅವತ್ತು ಮಂಡಿಯೂ ನೋಯಲಿಲ್ಲ, ಎದೆಯೊಳಗಿನ ಭಾರವೂ ಇರಲಿಲ್ಲ. ಆಮೇಲೆ ದಿನಕ್ಕೊಂದು ಇದ್ದದ್ದು ಮೂರಾಯಿತು. ಕೆಲಸವಿಲ್ಲದ ದಿನವೂ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮಂಡಿ ಹಿಡಿದುಕೊಳ್ಳುತ್ತಿತ್ತು.

"ಎಲ್ಡು ದಿನ ಬೆವೆತಿದ್ದೆ, ಜ್ವರ ಅಂದ್ಕಂಡೆ. ಆದ್ರೆ ಮಂಡಿ ನೋಯ್ಲಿಲ್ವಲ್ಲೇ."

"ಅದನ್ನೇ ಹೇಳ್ತಿರಾದು."

ಆ ಮಾತು ಮುಗಿಯುವಷ್ಟರಲ್ಲಿ ಈರಕ್ಕನ ಮಂಡಿ ಸಿಡಿಯತೊಡಗಿತು. ಸುದ್ದಿ ಕೇಳಿದ್ದಷ್ಟೇ ಸಾಕಾಗಿತ್ತು ಅದಕ್ಕೆ.

"ಹಂಗಾರೆ ಇಷ್ಟು ವರ್ಷ ಸುಳ್ಳೇ ನರಳಿದ್ನಾ ನಾನು?"

"ಸುಳ್ಳಲ್ಲ ಅತ್ತೆ. ಮಾತ್ರೆ ಬೇಕು ಅನ್ನಾದೂ ನೋವಿನಂಗೇ ಬರ್ತೈತಂತೆ. ನೀವು ಬೆವೆತಿದ್ದೂ ಅದಕ್ಕೇ. ನರ್ಸಮ್ಮ ಹೇಳಿದ್ರು."

ಹೊರಗೆ ಬೈಕ್ ನಿಂತಿತು. ಹಾಲಸ್ವಾಮಿ ಇಳಿಯದೆಯೇ ಕಾಗದದ ಪೊಟ್ಟಣ ಚಾಚಿದ.

"ಈರಕ್ಕ, ನಾಳೆ ಮದಕರಿಪುರ. ಎಲ್ಡು ಎಕರೆ ಐತೆ. ತಗ, ನಿನ್ ಸಾಮಾನು."

ಈರಕ್ಕನ ಕೈ ತಾನಾಗಿಯೇ ಮುಂದೆ ಹೋಗಿತ್ತು. ಅವಳು ಅದನ್ನು ನೋಡಿದಳು, ಬೇರೆ ಯಾರದೋ ಕೈ ನೋಡಿದ ಹಾಗೆ. ಹಿಂದಕ್ಕೆ ಎಳೆದುಕೊಂಡು, ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು.

"ಬ್ಯಾಡ."

"ಸೊಸೆ ಮುಂದೆ ನಾಚ್ಕೆನಾ? ಇದಿಲ್ದೆ ಒಂದು ಸಾಲೂ ಮುಗ್ಸಲ್ಲ ನೀನು."

"ನಾಕು ದಿನದಿಂದ ಇದಿಲ್ದೇನೇ ಕೊಯ್ದಿದ್ದು ಕಣಪ್ಪ. ನಿನ್ನೆ ಎಲ್ರಿಗಿಂತ ಮುಂದೆ ಅವ್ಳೆ ಅಂತ ಹೊಗಳ್ದಲ್ಲ, ಮರ್ತ್ಯಾ?"

ಹಾಲಸ್ವಾಮಿ ಯಶೋಧಾಳ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು.

"ಇನ್ನೊಂದು ಕೇಳು," ಎಂದಳು ಈರಕ್ಕ. "ನಾಳೆಯಿಂದ ಸಾಲಿಗೊಂದ್ಸಲ ಎದ್ದು ಕಾಲು ಚಾಚ್ತೀವಿ. ನಾನೊಬ್ಳೇ ಅಲ್ಲ, ಎಲ್ರೂನು."

"ಹಂಗಾರೆ ನೀ ಬರಲೇಬ್ಯಾಡ. ಬೇರೆಯೋರ್ನ ಕರ್ಕಂತೀನಿ."

"ಅದನ್ನ ನಾಳೆ ಆರಕ್ಕೆ ಟೆಂಪೋ ಹತ್ರ ಹೇಳು. ಜಯಕ್ಕ ಇರ್ತಾಳೆ, ಉಚ್ಚಂಗಮ್ಮ ಇರ್ತಾಳೆ, ಹದಿನಾಲ್ಕು ಜನಾನೂ ಇರ್ತಾರೆ. ಆ ಪೊಟ್ಣಾನೂ ತಗಂಬಾ. ಎಲ್ರ ಮುಂದೇ ಕೊಡು ನಂಗೆ."

ಅವನು ಪೊಟ್ಟಣವನ್ನು ಜೇಬಿಗೆ ತುರುಕಿ ಬೈಕ್ ಒದ್ದ. ಎರಡು ಸಲ ಕಾಲು ಜಾರಿತು.

"ಆರಕ್ಕೆ," ಅಂದ.

"ಐದೂಮುಕ್ಕಾಲಿಗೇ ಇರ್ತೀನಿ."

ಬೈಕಿನ ಸದ್ದು ಅಡಗಿದ ಮೇಲೂ ಈರಕ್ಕ ಕೂರಲಿಲ್ಲ. ಹಲ್ಲು ಕಚ್ಚಿಕೊಂಡು ಮಂಡಿ ಮಡಚಿದಳು, ಚಾಚಿದಳು, ಮತ್ತೆ ಮಡಚಿದಳು.

"ನಾನೂ ಬರ್ತೀನಿ, ಟೆಂಪೋ ತಂಕ," ಎಂದು ಯಶೋಧಾ ಹತ್ತಿರ ಬಂದು ಭುಜ ಕೊಟ್ಟಳು.

ಈರಕ್ಕ ಅದರ ಮೇಲೆ ಕೈಯೂರಿ, ಇನ್ನೊಂದು ಕಾಲು ಚಾಚಿದಳು.