ಹಸಿ ಮರದ ಹಿಡಿ

"ಹಿಡಿಗೆ ಬಣ್ಣ ಬಳೀತಿದೀಯೋ, ಹೆಣ ತೊಳೀತಿದೀಯೋ? ಬಿರಬಿರನೆ ಕೈಯಾಡ್ಸೇ, ಮುಂಡೇದೆ."

ಕಾರ್ಖಾನೆಯ ಗಾಂಟ್ ದಣಿ ಬೆನ್ನ ಹಿಂದೆಯೇ ನಿಂತಿದ್ದ. ಡಾರ್ಕಸ್ ತಿರುಗಿ ನೋಡಲಿಲ್ಲ. ಬಣ್ಣದ ಬಟ್ಟೆಯನ್ನು ಹಿಂಡಿ, ಗರಗಸದ ಹಿಡಿಯ ಕಂಡಿಯೊಳಗೆ ತುರುಕಿ ಉಜ್ಜಿದಳು. ಬಿಳಿಚಿಕೊಂಡಿದ್ದ, ಬೀಚ್ ಎಂಬ ಅಗ್ಗದ ಮರ ಕಂದು ತಿರುಗಿ ಹಳೆಯ ಸೇಬು ಮರದ ಹಾಗೆ ಕಂಡಿತು. ಅವಳ ಕೈಗಳೂ ಮೊಣಕೈವರೆಗೆ ಅದೇ ಕಂದು. ಭಾನುವಾರ ಚರ್ಚಿನಲ್ಲಿ ಪಕ್ಕ ಕೂತ ಹೆಂಗಸರು ಲಂಗ ಸರಿಸಿಕೊಳ್ಳುತ್ತಿದ್ದರು.

ಮರ ಹಸಿಯಾಗಿತ್ತು. ಅರದ ಹಲ್ಲಿಗೆ ಮೆತ್ತಿಕೊಳ್ಳುವಷ್ಟು ಹಸಿ. ಹಿಡಿಯ ಮರ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಬೇಕು. ಇಲ್ಲದಿದ್ದರೆ ಬಡಗಿಯ ಕೈಗೆ ಹೋದ ಮೇಲೆ ಕುಗ್ಗಿ, ತಿರುಪು ಸಡಿಲಾಗಿ, ಮೈಭಾರ ಹಾಕಿ ಕೊಯ್ಯುವ ಹೊತ್ತಿನಲ್ಲೇ ಸೀಳುತ್ತದೆ. ಗರಗಸದ ಊರು ಶೆಫೀಲ್ಡಿನ ನಾಯಿಗೂ ಗೊತ್ತಿದ್ದ ಮಾತು. ಗಾಂಟನಿಗೂ ಗೊತ್ತಿತ್ತು. ಅದಕ್ಕೇ ಬಣ್ಣ.

ಆ ಹಿಡಿಗಳನ್ನು ಕೊರೆಯುತ್ತಿದ್ದವನು ಅವಳ ಗಂಡ ಜೇಬೆಜ್. ಕಿಟಕಿ ಪಕ್ಕದ ಕೆಲಸದ ಬೆಂಚು ಗಾಂಟನದು, ಬಾಡಿಗೆಗೆ. ರಾತ್ರಿ ಮಲಗುವ ಮನೆಯೂ ಗಾಂಟನದೇ. ಜೇಬೆಜನದು ಅಂತ ಇದ್ದದ್ದು ಸಾಮಾನು ಮಾತ್ರ, ಅಪ್ಪನ ಕಾಲದ ಅರ, ಉಳಿ, ಸಣ್ಣ ಗರಗಸ. ಹಸಿ ಮರ ಬಂದ ದಿನ ಅವನು ಇದು ಹಿಡಿಗೆ ಆಗೋದಿಲ್ಲ ಅಂದಿದ್ದ. ಒಣಮರ ಬೇಕಿದ್ದರೆ ನಿನ್ನ ಹೆಣದ ಪೆಟ್ಟಿಗೆಗೆ ಕೊಡಿಸ್ತೀನಿ ಅಂದಿದ್ದ ಗಾಂಟ್. ಜೇಬೆಜ್ ಕೆಮ್ಮಿ, ಕೊರೆಯುವುದಕ್ಕೆ ಕೂತ.

ಹಿಡಿ ಕೊರೆಯುವವರ ಸಂಘಕ್ಕೆ ಒಂದು ಕಟ್ಟಳೆಯಿತ್ತು. ಹಸಿ ಮರ ಮುಟ್ಟಬಾರದು. ಮುಟ್ಟಿದವನ ಸಾಮಾನು ಒಂದು ಬೆಳಿಗ್ಗೆ ಬೆಂಚಿನ ಮೇಲೆ ಇರುವುದಿಲ್ಲ. ಸಂಘದ ಕೈವಾಡವೆಂದು ಗೊತ್ತಿದ್ದರೂ ಇಲಿ ಹೊತ್ಕೊಂಡೋದ್ವು ಅನ್ನುತ್ತಾರೆ ಎಲ್ಲರೂ. ಹಸಿ ಮರದ ಕೆಲಸ ಬಿಟ್ಟರೆ ಇಲಿಗಳೇ ವಾಪಸು ತಂದಿಡುತ್ತವೆ.

ಪಕ್ಕದ ಮನೆಯ ರೂಬೆನ್, ಅದೇ ಕಾರ್ಖಾನೆಯಲ್ಲಿ ಪಕ್ಕದ ಬೆಂಚಿನವನು, ಒಂದು ಸಂಜೆ ಬಂದು ಒಲೆಯ ಮುಂದೆ ಕೂತಿದ್ದ. ಡಾರ್ಕಸ್ ಕೊಟ್ಟ ಓಟ್ಸ್ ರೊಟ್ಟಿಯನ್ನು ಮುಟ್ಟಲಿಲ್ಲ.

"ನಿನ್ ಕಷ್ಟ ನಂಗ್ ತಿಳೀತದೆ ಜೇಬಣ್ಣ. ಆದ್ರೆ ಇವತ್ತು ನೀನು ಕೊರೆದ್ರೆ ನಾಳೆ ನಮ್ಮೆಲ್ಲರ ಬೆಂಚಿಗೂ ಅದನ್ನೇ ತಂದು ಸುರೀತಾನೆ, ಆ ಸೂಳೆಮಗ."

ಜೇಬೆಜ್ ಬೆಂಕಿ ನೋಡುತ್ತ, ಸಂಘ ನನ್ನ ಮನೆ ಬಾಡಿಗೆ ಕಟ್ಟುತ್ತದೆಯೇ ಎಂದು ಕೇಳಿದ. ರೂಬೆನ್ ಎದ್ದು ಹೋದ.

ಅದಾದ ವಾರದೊಳಗೆ ಬೆಂಚು ಬರಿದಾಗಿತ್ತು. ಡಾರ್ಕಸ್ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆಯುವವಳು. ಮರದ ಪುಡಿಯ ಮೇಲೆ ಒಂದು ಹೆಜ್ಜೆ ಅಚ್ಚೊತ್ತಿದಂತೆ ಬಿದ್ದಿತ್ತು. ಮರದ ಬೂಟಿನ ಹಿಮ್ಮಡಿಯ ಲಾಳದಲ್ಲಿ ಅರ್ಧ ಮುರಿದಿತ್ತು. ಆ ಮುರುಕು ಲಾಳ ಟಕ್, ಟಸ್ ಎಂದು ಪಕ್ಕದ ಮನೆಯ ಮೆಟ್ಟಿಲು ಹತ್ತುವುದನ್ನು ಅವಳು ದಿನಾ ಕೇಳುತ್ತಿದ್ದಳು. ಪೊರಕೆ ತಗೊಂಡು ಗುಡಿಸಿಬಿಟ್ಟಳು.

ಗಾಂಟ್ ಪೊಲೀಸಿನವನನ್ನು ಕರೆತಂದ. ಕೆಲಸ ನಿಂತಿತು. ಗಾಂಟನಿಗೆ ಆವತ್ತು ಸಿಟ್ಟಿಗಿಂತ ಹಿಗ್ಗೇ ಹೆಚ್ಚಿತ್ತು. ಸಂಘದವನೊಬ್ಬನನ್ನು ಜೈಲಿಗೆ ಕಳಿಸಿದರೆ ಉಳಿದವರು ಬಾಲ ಮುದುರುತ್ತಾರೆ ಎಂದು ಎಷ್ಟೋ ದಿನದಿಂದ ಕಾದಿದ್ದ. ಜೇಬೆಜನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಅಲ್ಲಿ ಹಿಂದೆಂದೂ ಬಿದ್ದಿರಲಿಲ್ಲ.

"ಒಂದ್ ಹೆಸ್ರು ಹೇಳಪ್ಪ. ಹೊಸ ಸಾಮಾನು ನಾನೇ ಕೊಡಿಸ್ತೀನಿ. ಬೆಂಚೂ ನಿಂದೇ."

ಜೇಬೆಜನ ಬಾಯಿ ತೆರೆಯಿತು. ಡಾರ್ಕಸ್ ಅದನ್ನು ಕಂಡಳು. ಪಕ್ಕದ ಬೆಂಚಿನಲ್ಲಿ ರೂಬೆನ್ ತನ್ನ ಹಸ್ತಗಳನ್ನೇ ನೋಡುತ್ತ ಕೂತಿದ್ದ.

"ಇಲಿ ಹೊತ್ಕೊಂಡೋದ್ವು, ದಣಿ," ಅಂದಳು ಅವಳು.

ಗಾಂಟ್ ಹೆಗಲಿಂದ ಕೈ ತೆಗೆದ. ತೆಗೆದು ಕೋಟಿಗೆ ಒರೆಸಿಕೊಂಡ.

"ಇಲೀನಾ. ಹಂಗಾದ್ರೆ ಬಿಲಾನೂ ಇರ್ಬೇಕಲ್ಲ. ಹುಡುಕೋ ಲೇ. ಮಂಡಿಯೂರು. ಮೂತಿ ನೆಲಕ್ಕಿಟ್ಟು ಹುಡುಕು."

ಜೇಬೆಜ್ ಮಂಡಿಯೂರಿದ. ಬೆಂಚಿನ ಕೆಳಗೆ ತೆವಳಿದ. ಮರದ ಪುಡಿ ಮೂಗಿಗೆ ಹೋಗಿ ಕೆಮ್ಮು ಹತ್ತಿತು. ಪೊಲೀಸಿನವನು ನಕ್ಕ. ಆ ಕಡೆಯೂ ನೋಡು ಎಂದು ಗಾಂಟ್ ಬೂಟಿನ ತುದಿಯಿಂದ ದಾರಿ ತೋರಿಸಿದ. ಜೇಬೆಜ್ ಆ ಕಡೆಯೂ ತೆವಳಿದ. ಉಳಿದವರು ಸುತ್ತ ನಿಂತು ನೋಡಿದರು.

ಡಾರ್ಕಸ್ ಹೋಗಿ ಗಂಡನ ಕೊರಳಪಟ್ಟಿ ಹಿಡಿದು ಎಳೆದಳು.

"ಏಳು ಮ್ಯಾಕೆ. ಇಲ್ಯಾವ ಇಲೀನೂ ಸಿಗಾಕಿಲ್ಲ. ಹೆಗ್ಗಣ ಇದ್ದ ಕಡೆ ಇಲಿ ನಿಲ್ಲಾಕಿಲ್ಲ."

ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ಗಾಂಟನ ಮುಖ ಸುಟ್ಟ ಇಟ್ಟಿಗೆಯಂತಾಯಿತು. ಬೆಂಚು ಈಗಲೇ ಬಿಡಬೇಕು ಅಂದ. ನಾಳೆ ಮನೆ ಖಾಲಿ ಮಾಡದಿದ್ದರೆ ಬಾಗಿಲು ಕಿತ್ತುಹಾಕಿಸುತ್ತೇನೆ ಅಂದ.

ಮನೆಯಲ್ಲಿ ಕತ್ತಲಾಯಿತು. ಜೇಬೆಜ್ ಒಂದೇ ಮಾತು ಆಡಿದ.

"ರೂಬೆನ್ ನನ್ನ ಕೈ ಕದ್ದ. ನೀನು ಅವನ ಕಾಲಿನ ಗುರುತು ಮುಚ್ಚಿದೆ. ಹೊಟ್ಟೆಗೆ ಯಾರ್ ಹಾಕ್ತಾರೆ?"

 ಹೆಜ್ಜೆ ಗುಡಿಸಿದ್ದು, ಬೆಂಚಿನ ಮುಂದಷ್ಟೇ ಚೊಕ್ಕವಾಗಿದ್ದ ನೆಲ ನೋಡಿ, ಡಾರ್ಕಸ್ ಹೇಳದೆಯೇ ಅವನಿಗೆ ಗೊತ್ತಾಗಿತ್ತು.

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ ಒಂದು ಗೋಣಿಚೀಲ. ಅರ, ಉಳಿ, ಗರಗಸ, ಒಂದೂ ಕಡಿಮೆಯಿಲ್ಲ. ಎಲ್ಲಕ್ಕೂ ಎಣ್ಣೆ ಸವರಿತ್ತು. ರೂಬೆನ್ನನ ಕದ ಮುಚ್ಚಿತ್ತು. ಇಲಿಗಳು ಮಾತು ಉಳಿಸಿಕೊಂಡಿದ್ದವು. ಸಾಮಾನು ಬಂತು, ಬೆಂಚಿಲ್ಲ.

ಜೇಬೆಜ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಡಾರ್ಕಸ್ ಕುರ್ಚಿ ಹತ್ತಿ ಒಲೆಯ ಮೇಲಿನ ತೊಲೆಯ ಸಂದಿಗೆ ಕೈ ಹಾಕಿದಳು. ಮಾವ ಸಾಯುವ ಮೊದಲು ಒಣಗಲೆಂದು ಇಟ್ಟಿದ್ದ ಸೇಬು ಮರದ ತುಂಡು ಮಸಿ ಹಿಡಿದು ಕಲ್ಲಿನಂತಾಗಿತ್ತು. ತಂದು ಊಟದ ಮೇಜಿನ ಮೇಲಿಟ್ಟಳು.

"ಕೊರಿ."

"ಯಾರ್ ತಗೋತಾರೆ ಇದನ್ನ?"

"ನಂಗೊತ್ತಿಲ್ಲ. ಕೊರಿ."

ಅವನು ಅರ ಎತ್ತಿಕೊಂಡ. ಕಚ್ಚಿ ಹಿಡಿಯುವ ವೈಸ್ ಇಲ್ಲದೆ ಮರ ಜಾರಿತು. ಇನ್ನೊಮ್ಮೆ ಜಾರಿತು. ಡಾರ್ಕಸ್ ಮೇಜು ಹತ್ತಿ ಕುಕ್ಕರಗಾಲಲ್ಲಿ ಕೂತು, ಎರಡು ಕೈಯಲ್ಲೂ ಮರವನ್ನು ಮೇಜಿನ ಅಂಚಿಗೆ ಅದುಮಿ ಹಿಡಿದಳು.

"ಬೆರಳು ಹೋಯ್ತದೆ ಕಣೆ."

"ಉಂಗುರ ಹಾಕೋ ಬೆರಳಾ ಅವು? ಕೊರಿ."

ಅರ ಹೋಯಿತು, ಬಂತು. ಒಣಗಿದ ಮರದ ಪುಡಿ ಅವಳ ಲಂಗದ ಮೇಲೆ ಸಣ್ಣಗೆ ಉದುರಿತು. ಒಂದು ಸಲ ಅರ ಜಾರಿ ಅವಳ ಗೆಣ್ಣು ಸುಲಿಯಿತು. ಕಂದು ಬಣ್ಣದ ಮೇಲೆ ರಕ್ತ ಬಂದದ್ದು ಜೇಬೆಜನ ಕಣ್ಣಿಗೆ ಬೀಳಲಿಲ್ಲ. ಅವಳು ಮರವನ್ನು ಇನ್ನಷ್ಟು ಅದುಮಿದಳು.

ಯಾರೋ ಬಾಗಿಲು ಬಡಿದರು. ಹೊರಗೆ ನಾಲ್ಕಾರು ಬೂಟುಗಳ ಸದ್ದು. ಅದರಲ್ಲಿ ಮುರುಕು ಲಾಳದ ಸದ್ದು ಇರಲಿಲ್ಲ. ಮನೆ ಬಿಡಿ ಎಂದು ಗಾಂಟನ ಹೆಸರು ಹೇಳಿ ಒಬ್ಬ ಕೂಗಿದ. ಜೇಬೆಜನ ಕೈ ನಿಂತಿತು.

ಅವಳು ಎದ್ದರೆ ಮರ ಜಾರುತ್ತಿತ್ತು. ಎದ್ದೇಳಲಿಲ್ಲ.

"ನಿಂತ್ಯಾಕೆ?" ಅಂದಳು.

ಒಳಗೆ ಅರ ಮತ್ತೆ ಹೋಯಿತು, ಬಂತು. ಹೊರಗಿನಿಂದ ಯಾರೋ ಬಾಗಿಲ ಸಂದಿಗೆ ಹಾರೆ ತೂರಿಸುತ್ತಿದ್ದರು.