ಓವೋದ ಕರಿಕಲ್ಲು

ತಾನೇ ಹೊತ್ತು ತಂದಿಟ್ಟಿದ್ದ ಕಲ್ಲುಗಳನ್ನು ನಮ್ಖಾಯ್ ತಾನೇ ಕಿತ್ತು ಲಾರಿಗೆ ತುಂಬುತ್ತಿದ್ದ. ಗೋಬಿ ಮರುಭೂಮಿಯ ಗಾಳಿ ಮುಖಕ್ಕೆ ಮರಳು ಎರಚುತ್ತಿತ್ತು. ಒಡೆದ ಬೆರಳಿನ ರಕ್ತ ಕಲ್ಲಿಗಂಟಿ ಅಲ್ಲೇ ಹೆಪ್ಪುಗಟ್ಟುತ್ತಿತ್ತು.

ಅದು ಓವೋ. ದಾರಿಹೋಕರು ಕಲ್ಲೊಂದನ್ನಿಟ್ಟು, ಮೂರು ಸುತ್ತು ಬಂದು, ಬೆಟ್ಟದೊಡೆಯನಿಗೆ ಕೈಮುಗಿಯುವ ರಾಶಿ. ಅವಸರದ ಲಾರಿಯವರೂ ಮೂರು ಸಲ ಹಾರನ್ ಒತ್ತದೆ ಮುಂದೆ ಹೋಗರು. ಹಗುರ ಕಲ್ಲಿಟ್ಟರೆ ಭಕ್ತಿಯೂ ಹಗುರವೆಂದು ನಮ್ಖಾಯ್ ಮನೆತನದವರು ತಮ್ಮ ಚಳಿಗಾಲದ ಬಿಡಾರದ ಬಳಿ ಸಿಗುವ, ಗಾತ್ರ ಮೀರಿ ತೂಗುವ ಕರಿಕಲ್ಲನ್ನೇ ತಂದಿಡುತ್ತಿದ್ದರು.

ಆ ಭಾರವೇ ಮನೆ ಮುರಿಯಿತು. ರಾಜಧಾನಿಯಿಂದ ಬಂದ ಗಣಿ ಇಂಜಿನಿಯರ್ ಗಾಲ್ಸನ್ ಒಂದು ಕಲ್ಲನ್ನೆತ್ತಿ ನೋಡಿ, ಇದು ಎಲ್ಲಿಯದೆಂದು ಕೇಳಿದ. ಬಂದವರಿಗೆ ದಾರಿ ತೋರಿಸದಿರುವುದು ಅಲ್ಲಿ ಪಾಪ. ನಮ್ಖಾಯ್ ಉಪ್ಪಿನ ಚಹಾ ಕುಡಿಸಿ, ಕರೆದೊಯ್ದು ತೋರಿಸಿದ. ಕಲ್ಲೊಳಗಿದ್ದದ್ದು ಟಂಗ್‌ಸ್ಟನ್, ಬೆಲೆಬಾಳುವ ಭಾರದ ಲೋಹ. ತಿಂಗಳೊಳಗೆ ಬಿಡಾರಕ್ಕೂ ಬಾವಿಗೂ ಮುಳ್ಳುತಂತಿ ಬಿತ್ತು. ಮರೆಯಿಲ್ಲದ ಕುರಿಗಳು ಆ ಚಳಿಯಲ್ಲಿ ನಿಂತಲ್ಲೇ ಸೆಟೆದವು. ಕುರಿ ಕಾಯುತ್ತಿದ್ದವನು ಗಣಿಯ ಕೂಲಿಯಾದ.

ಈಗ ಓವೋದ ಸರದಿ. ಅಷ್ಟು ಚೆನ್ನಾಗಿ ಆರಿಸಿಟ್ಟ ಅದಿರು ಇನ್ನೆಲ್ಲಿ ಸಿಕ್ಕೀತು? ಅದನ್ನು ಕೀಳಲು ಒಲ್ಲೆನೆಂದ ಕೂಲಿಯೊಬ್ಬನನ್ನು ಹಿಂದಿನ ದಿನವೇ ತಂತಿಯಾಚೆ ದಬ್ಬಿದ್ದರು. ನೀರಿದ್ದದ್ದು ತಂತಿಯೀಚೆ.

ಬುಡದ ಕಲ್ಲೊಂದಕ್ಕೆ ಮಾಸಿದ ನೀಲಿ ವಸ್ತ್ರ ಸುತ್ತಿತ್ತು. ನಮ್ಖಾಯ್‌ನ ಕೈ ನಿಂತಿತು.

"ಇದೊಂದು ಬಿಟ್ಬಿಡಿ ಸಾಹೇಬ್ರೆ. ಇದನ್ನಿಟ್ಟ ಮೇಲೇ ನನ್ನ ಮಗಳು ಉಸಿರಾಡಿದ್ದು."

"ಬಟ್ಟೆ ನೀನಿಟ್ಕೊ," ಗಾಲ್ಸನ್ ಮೂಗಿನಲ್ಲೇ ರಾಗ ಎಳೆದ. "ಕಲ್ಲು ಲಾರಿಗೇ."

ನಮ್ಖಾಯ್ ಆ ಕಲ್ಲನ್ನು ಮಗುವಿನಂತೆ ಎದೆಗವಚಿಕೊಂಡು ಹೊರಟ. ಲಾರಿಯನ್ನು ದಾಟಿ ನಡೆದ. ಗಣಿಯ ರಸ್ತೆಯ ನಟ್ಟನಡುವೆ ಅದನ್ನಿಟ್ಟು, ವಸ್ತ್ರ ಸರಿಪಡಿಸಿ, ಸುತ್ತು ಬರತೊಡಗಿದ.

ಲಾರಿಯ ಚಾಲಕ ದೋರ್ಲಿಗ್ ಇಂಜಿನ್ ಚಾಲೂ ಮಾಡಿದ, ಆದರೆ ಗಾಡಿ ಮುಂದೆ ಬಿಡಲಿಲ್ಲ. ಚಹಾದ ಹೊತ್ತಿನಲ್ಲಿ ಗಾಲ್ಸನ್‌ನ ದನಿಯನ್ನು ಅಣಕಿಸಿ, ನಗಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದವನು ಅವನೇ.

"ಮೂರು ಹಾರನ್ ಹೊಡ್ದು ಕಲ್ಲಿನ ಮೇಲೇ ಹತ್ತಿಸ್ಕೊಂಡ್ ಹೋಗೋ. ನಿಮ್ಮ ದೇವ್ರಿಗೆ ಅಷ್ಟೇ ಸಾಕಲ್ಲ," ಎಂದ ಗಾಲ್ಸನ್.

ದೋರ್ಲಿಗ್ ಇಂಜಿನ್ ಆರಿಸಿ ಇಳಿದ. ಲಾರಿಯ ಹಿಂಬಾಗಿಲು ಬಿಚ್ಚಿ ಒಂದು ಕರಿಕಲ್ಲನ್ನೆತ್ತಿದ. ನೀಲಿ ವಸ್ತ್ರದ ಪಕ್ಕ ಅದನ್ನಿಟ್ಟು, ಮೂಗಿನಲ್ಲಿ ಅದೇ ರಾಗ ಎಳೆದ: "ಕಲ್ಲು ಕೆಳಗೇ."

ಯಾರೂ ನಗಲಿಲ್ಲ. ಹಿಂದಿನ ಲಾರಿಗಳ ಇಂಜಿನ್‌ಗಳೂ ಒಂದೊಂದಾಗಿ ಆರಿದವು.

ನಮ್ಖಾಯ್‌ನ ಎರಡನೇ ಸುತ್ತಿನಲ್ಲಿ ಗಣಿಯ ಕಾವಲುಗಾರರ ದೊಣ್ಣೆ ಅವನ ಬೆನ್ನಿಗೆ ಬಿತ್ತು. ಮತ್ತೆ ಬಿತ್ತು. ಅವನು ಮುಗ್ಗರಿಸಿದ. ಮೂರನೇ ಸುತ್ತನ್ನು ತೆವಳಿ ಬಂದ. ಅವನ ಹಿಂದೆ ಸಾಲಾಗಿ ಬರುತ್ತಿದ್ದ ಚಾಲಕರ, ಕೂಲಿಗಳೆಲ್ಲರ ಕೈಯಲ್ಲಿ ಒಂದೊಂದು ಕಲ್ಲಿತ್ತು. ಅದನ್ನು ಇಡಲು ಹಿಡಿದಿದ್ದಾರೋ ಎಸೆಯಲೋ ಕಾವಲುಗಾರರಿಗೆ ತಿಳಿಯಲಿಲ್ಲ.

ಎತ್ತಿದ ದೊಣ್ಣೆ ಎತ್ತಿದಂತೆಯೇ ನಿಂತಿತು.